ಪಲ್ಲವರಾಗಲು ಯಾರೂ ಇರಲಿಲ್ಲ

ನಮ್ಮ ಭಾಗದ ಜನಕ್ಕೆ ಜಗಳವಾಡಲು ಬರುತ್ತದೆ, ಯುದ್ಧವಾಡಲು ಬರುವುದಿಲ್ಲ. ಇದನ್ನು ನಾನು ಐದು ಭಾನುವಾರ ಹಾಳು ಮಾಡಿಕೊಂಡು ಕಲಿತೆ. ಜಗಳಕ್ಕೆ ನಿಯಮ ಬೇಕಿಲ್ಲ, ಕೊನೆಗೊಂದು ಕಪ್ಪು ಚಹಾ ಕುಡಿದರೆ ಮುಗಿಯಿತು. ಯುದ್ಧಕ್ಕೆ, ಅದರಲ್ಲೂ ಮೇಜಿನ ಮೇಲೆ ಆಡುವ ಯುದ್ಧಕ್ಕೆ, ಎದುರು ಪಕ್ಷ ಎಂಬುದೊಂದು ಇರಲೇಬೇಕು. ಇಷ್ಟು ಸಣ್ಣ ಸಂಗತಿ ನಮ್ಮ ಕ್ಲಬ್ಬಿನ ದೊಡ್ಡ ತಲೆಗಳಿಗೆ ಹೊಳೆದಿರಲಿಲ್ಲ.

ನಾನು ಬಾಗಲಕೋಟೆಯ ನವನಗರದಲ್ಲಿ ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ತಕ್ಕ ಹಲ್ಲು, ವಸಡು ತಯಾರಿಸಿ ಹಿಂದಿರುಗಿಸುತ್ತೇನೆ. ಮೂವತ್ತು ವರ್ಷ ಈ ಕೆಲಸ ಮಾಡಿದವನಿಗೆ ಮನುಷ್ಯರ ಬಗ್ಗೆ ಹೆಚ್ಚಿನ ಗೌರವವೇನೂ ಉಳಿಯುವುದಿಲ್ಲ. ಸಭೆಗಳಲ್ಲಿ ಗುಡುಗುವ ಎಷ್ಟೋ ಜನರ ಮೇಲಿನ ಸಾಲು ನನ್ನ ಕೈಯಲ್ಲಿ ಆದದ್ದು. ಕೆಲಸ ಕಡಿಮೆಯಿದ್ದ ಒಂದು ಬೇಸಿಗೆಯಲ್ಲಿ ಮೊಬೈಲು ನೋಡುತ್ತ ಕೂತಾಗ ಈ ಆಟದ ಹುಚ್ಚು ಹಿಡಿಯಿತು. ಬೆರಳುದ್ದದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ಟೇಪು ಹಿಡಿದು ಅಳೆದು ಮುಂದೆ ನಡೆಸಿ, ದಾಳ ಉರುಳಿಸಿ, ಯಾರು ಸತ್ತರು ಯಾರು ಉಳಿದರು ಎಂದು ತೀರ್ಮಾನಿಸುವ ಆಟ. ಒಂದು ಕಾಳಗಕ್ಕೆ ಮುಗಿಯುವುದಿಲ್ಲ; ಇಂದು ಸತ್ತವರು ಮುಂದಿನ ವಾರ ಎದ್ದು ಬರುವಂತಿಲ್ಲ, ಇಂದು ಗೆದ್ದ ಹೊಳೆ ಮುಂದಿನ ವಾರವೂ ಗೆದ್ದವನದೇ. ಹೊರದೇಶದವರು ತಮ್ಮ ತಮ್ಮ ರಾಜರನ್ನು ಇಟ್ಟುಕೊಂಡು ಆಡುತ್ತಿದ್ದರು. ನಮಗೇನು ರಾಜರ ಬರವೇ? ಬಾದಾಮಿ ಒಂದು ತಾಸಿನ ದಾರಿ. ಕಂಚಿಯ ಪಲ್ಲವರು ದಂಡೆತ್ತಿ ಬಂದು ಚಾಲುಕ್ಯರ ಬಾದಾಮಿಯನ್ನು ಹಿಡಿದ ಕಥೆ ಇಲ್ಲಿ ಶಾಲೆ ಕಲಿತ ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಅದನ್ನೇ ಆಡೋಣ, ಈ ಸಲ ಏನಾಗುತ್ತದೋ ನೋಡೋಣ ಎಂದುಕೊಂಡೆ.

ಹಲ್ಲಿನ ಸೆಟ್ಟಿಗೆ ಬಳಸುವ ಪುಡಿಯಲ್ಲೇ ಸೈನಿಕರನ್ನು ಅಚ್ಚು ಹಾಕಿದೆ. ಮುನ್ನೂರು ಮಂದಿ, ಎಲ್ಲರೂ ವಸಡಿನ ಬಣ್ಣದವರು. ನನ್ನ ಹೆಂಡತಿ ಒಮ್ಮೆ ಬಗ್ಗಿ ನೋಡಿ, "ಚರ್ಮಾ ಸುಲದಂಗ ಅದಾರಲ್ರಿ ಇವ್ರು," ಎಂದು ಒಳಗೆ ಹೋದಳು. ಅವಳ ಮಾತು ಸುಳ್ಳಾಗಿರಲಿಲ್ಲ. ಬಣ್ಣ ಹಚ್ಚುವ ಕೈ ನನ್ನದಲ್ಲ, ಅದಕ್ಕೆ ಬೇರೊಬ್ಬ ಬೇಕಾಯಿತು.

ಹಾಗೆ ಬಂದವನು ಬಾದಾಮಿಯ ಪೇಂಟರ, ನನ್ನ ಹಳೆಯ ಪರಿಚಯದವನು. ನನ್ನ ಅಂಗಡಿಯ ಬೋರ್ಡು ಬರೆದವನು ಅವನೇ. ಫ್ಲೆಕ್ಸು ಬಂದ ಮೇಲೆ ಬೋರ್ಡು ಬರೆಸುವವರು ಕಡಿಮೆಯಾಗಿ, ಲಾರಿಗಳ ಹಿಂದೆ ಗುಲಾಬಿ, ನವಿಲು ಬರೆದುಕೊಂಡಿದ್ದ. ಅವನ ಮನೆ ಬಾದಾಮಿಯ ಹೊಂಡದ ದಂಡೆಯ ಓಣಿಯಲ್ಲಿ, ಉತ್ತರದ ಕೋಟೆಯ ಬುಡಕ್ಕಿದೆ. ಅವನ ಅಜ್ಜನ ಅಜ್ಜನೂ ಅದೇ ಓಣಿಯವನು. ಶುಕ್ರವಾರದ ನಮಾಜು ಮುಗಿಸಿ ಬಸ್ಸು ಹತ್ತಿ ನನ್ನ ಲ್ಯಾಬಿಗೆ ಬಂದು ಕೂರುತ್ತಿದ್ದ. ಹಾಗೆ ನಾಲ್ಕು ತಿಂಗಳು ಬಂದ. ಒಬ್ಬೊಬ್ಬ ಸೈನಿಕನಿಗೂ ಹುಬ್ಬು, ಮೀಸೆ, ಧೋತರದ ಅಂಚು. ಇಬ್ಬರ ಮೀಸೆ ಒಂದೇ ತರ ಇರಬಾರದು ಎಂಬುದು ಅವನ ಹಟ. ಇದೆಲ್ಲ ಸುಮ್ಮನೆ ಅಲ್ಲ, ಒಂದು ಷರತ್ತಿತ್ತು.

"ಬಾದಾಮಿ ಕೋಟಿ ಕಾಯಾಕ ನನಗ ಬಿಡ್ರಿ," ಎಂದ ಮೊದಲ ದಿನವೇ. "ಬ್ಯಾರೆ ಏನೂ ಬ್ಯಾಡ. ಸಣ್ಣಾಂವ ಇದ್ದಾಗಿಂದ ಆ ಗುಡ್ಡದಾಗ ಆಡೇನ್ರಿ. ಯಾರರ ಏರಿ ಬಂದ್ರ ಎಲ್ಲಿ ನಿಂತು ತಡೀಬೇಕು ಅಂತ ಆವಾಗಿಂದ ನೋಡಿ ಇಟ್ಟೇನಿ. ಒಮ್ಮೆ ಆಡಿ ತೋರಸಬೇಕು."

ನಾನು ಅವನ ಕೈಯಲ್ಲಿ ಕೈಯಿಟ್ಟು ಮಾತು ಕೊಟ್ಟೆ.

ಚಾಲುಕ್ಯರ ಲಾಂಛನ ವರಾಹ, ಅಂದರೆ ಹಂದಿ. ಪಲ್ಲವರದು ಎತ್ತು. ಇದನ್ನು ಅವನಿಗೆ ಹೇಗೆ ಹೇಳುವುದೆಂದು ನಾನು ಎರಡು ವಾರ ಬಾಯಿ ಕಟ್ಟಿಕೊಂಡು ಕೂತೆ. ಅಷ್ಟರಲ್ಲಿ ಅವನೇ ಬಾದಾಮಿಯವರ ನೂರೈವತ್ತು ಗುರಾಣಿಗಳ ಮೇಲೂ ವರಾಹ ಬರೆದು ಮುಗಿಸಿದ್ದ. ಗವಿಯಲ್ಲಿ ಕೆತ್ತಿದ್ದು ಇದೆಯಲ್ಲ, ಅದೇ ನಿಲುವು, ಅದೇ ಮೂತಿ. ನನ್ನ ಮುಖ ನೋಡಿ, "ನಮ್ಮ ಊರ ಗುರ್ತು ಅದು. ದಿನಾ ನೋಡೂದು," ಎಂದು ಬ್ರಶ್ಶು ತೊಳೆಯಲು ಎದ್ದ. ಎರಡು ವಾರ ನಾನು ಸುಮ್ಮನೆ ಬೆವರಿದ್ದೆ.

ಇನ್ನು ನಮ್ಮ ಕ್ಲಬ್ಬು. ನವನಗರದಲ್ಲಿ ಒಂದು ದೊಡ್ಡ ಹಾಲು, ಎರಡು ಕೇರಂ ಬೋರ್ಡು, ಒಂದು ಟೇಬಲ್ ಟೆನಿಸ್ ಮೇಜು, ನಾಲ್ಕು ಪೇಪರು. ಅಧ್ಯಕ್ಷರು ಇಳಕಲ್ಲಿನ ಗ್ರಾನೈಟ್ ವ್ಯಾಪಾರಿ, ಭಾನುವಾರಕ್ಕೊಮ್ಮೆ ಕಾರಿನಲ್ಲಿ ಬಂದು ಅಧ್ಯಕ್ಷತೆ ವಹಿಸಿ ಹೋಗುತ್ತಾರೆ. ಅವರ ಎದುರು ಹೂಂ ಎಂಬುದೊಂದನ್ನು ಬಿಟ್ಟು ಯಾರ ಬಾಯಿಂದಲೂ ಬೇರೆ ಅಕ್ಷರ ಹೊರಡುವುದಿಲ್ಲ. ಕಾರ್ಯದರ್ಶಿಗಳು ಹುನಗುಂದದ ವಕೀಲರು. ಅವರಿಗೆ ಯಾವ ವಿಷಯದಲ್ಲೂ ಸ್ವಂತ ಅಭಿಪ್ರಾಯವಿಲ್ಲ, ಎಲ್ಲ ವಿಷಯದಲ್ಲೂ ತಕರಾರಿದೆ. ಉಳಿದ ಎಂಟೊಂಬತ್ತು ಸದಸ್ಯರು ಇವರಿಬ್ಬರ ಮುಖ ನೋಡಿ ನಗುವವರು. ಇಂಥವರ ಮುಂದೆ ನಾನು ಇಪ್ಪತ್ತು ಪುಟದ ನಿಯಮ ಬರೆದು ಇಟ್ಟೆ. ಅಧ್ಯಕ್ಷರು ಮೊದಲ ಪುಟದಲ್ಲಿ ತಮ್ಮ ಹೆಸರು ಸರಿಯಾಗಿ ಅಚ್ಚಾಗಿದೆಯೇ ನೋಡಿ ಕೆಳಗಿಟ್ಟರು.

ಮೊದಲ ಭಾನುವಾರ ಪೂರ್ತಿ ಉದ್ಘಾಟನೆಗೆ ಹೋಯಿತು. ದೀಪ ಬೆಳಗಿದರು. ವಚನ ಹಾಡಿದರು. ವಕೀಲರು ಅಧ್ಯಕ್ಷರಿಗೆ ಶಾಲು ಹೊದಿಸಿದರು, ಅಧ್ಯಕ್ಷರು ವಕೀಲರಿಗೆ ಹೊದಿಸಿದರು, ಇಬ್ಬರೂ ಸೇರಿ ನನಗೆ ಹೊದಿಸಿದರು. ಮುನ್ನೂರು ಸೈನಿಕರಿಗೆ ಮೀಸೆ ಬರೆದವನ ಪಾಲಿಗೆ ಶಾಲು ಉಳಿದಿರಲಿಲ್ಲ. ಆಮೇಲೆ ಅಧ್ಯಕ್ಷರು ಜಗತ್ತಿಗೆ ಶಾಂತಿ ಎಷ್ಟು ಅವಶ್ಯ ಎಂಬುದರ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು. ಮುಂದೆ ಮೇಜಿನ ಮೇಲೆ ಎರಡು ಸೈನ್ಯಗಳು ಕತ್ತಿ ಹಿರಿದು ನಿಂತಿದ್ದವು. ಮಿರ್ಚಿ ಭಜಿ ಬಂತು, ತಿಂದು ಎಲ್ಲರೂ ಮನೆಗೆ ಹೋದರು. ಒಂದು ದಾಳವೂ ಉರುಳಲಿಲ್ಲ.

ಎರಡನೆಯ ಭಾನುವಾರ ಪಕ್ಷ ಹಂಚಬೇಕಿತ್ತು. ಯಾರು ಯಾವ ಕಡೆ ಎಂದು ಕೇಳಿದೆ. ಹನ್ನೊಂದು ಜನ ಬಾದಾಮಿಯ ಕಡೆ ಕೈ ಎತ್ತಿದರು. ಪಲ್ಲವರ ಕಡೆ ಯಾರೂ ಇಲ್ಲ.

"ನಾ ಹೆಂಗ ಆಗ್ಲ್ರಿ?" ಎಂದರು ವಕೀಲರು. "ನಾಳೆ ಹುನಗುಂದ ಕೋರ್ಟಿನ್ಯಾಗ ಗೊತ್ತಾದ್ರ ಬಾದಾಮಿ ಸುಟ್ಟಾವ ಬಂದ ನೋಡು ಅಂತಾರ."

"ನಮ್ಮ ಮನ್ಯಾಗ ಗೊತ್ತಾದ್ರ ನನಗ ರೊಟ್ಟಿ ಹಾಕಂಗಿಲ್ಲ," ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು.

ಬೆರಳುದ್ದದ ಗೊಂಬೆಗಳು, ಟೇಬಲ್ ಟೆನಿಸ್ ಮೇಜು, ಸಾವಿರದ ಮುನ್ನೂರು ಚಿಲ್ಲರೆ ವರ್ಷದ ಹಿಂದಿನ ಮಾತು. ಆದರೂ ಒಬ್ಬರಿಗೂ ಒಂದು ಮಧ್ಯಾಹ್ನದ ಮಟ್ಟಿಗೆ ವೈರಿಯಾಗುವ ಎದೆಗಾರಿಕೆ ಇರಲಿಲ್ಲ. ನನಗೆ ಮೈ ಉರಿಯಿತು. ಚೀಟಿ ಹಾಕಿಸಿದೆ. ಮೊದಲ ಸಲ ಪಲ್ಲವ ಎಂಬ ಚೀಟಿ ಬಂದವನು ಅದನ್ನು ಮಡಚಿ ಮತ್ತೆ ಡಬ್ಬಿಗೆ ಹಾಕಿ, "ಇವತ್ತು ಅಮಾಸಿ ಐತ್ರಿ, ಇದು ಹಿಡಿಯಂಗಿಲ್ಲ," ಎಂದ. ಎರಡನೆಯ ಸಲ ಅದು ಅಧ್ಯಕ್ಷರಿಗೇ ಬಂತು. "ಸಾಹೇಬ್ರು ಚಷ್ಮಾ ಹಾಕ್ಕೊಂಡಿದ್ದಿಲ್ಲ, ಇನ್ನೊಮ್ಮೆ ಎತ್ತಲಿ," ಎಂದರು ವಕೀಲರು. ಮೂರನೆಯ ಸಲ ಡಬ್ಬಿ ತೆರೆದಾಗ ಪಲ್ಲವ ಎಂಬ ಚೀಟಿಯೇ ಇರಲಿಲ್ಲ. ಇಂಥ ಹೇಡಿಗಳನ್ನು ಕಟ್ಟಿಕೊಂಡು ಯುದ್ಧಕ್ಕೆ ಹೊರಟೆನಲ್ಲ ಎಂದು ನನ್ನ ಹಣೆ ನಾನೇ ಬಡಿದುಕೊಂಡೆ.

ಪೇಂಟರ ಮೇಜಿನ ಆ ತುದಿಯಲ್ಲಿ ತಾನು ರಟ್ಟು, ಗಾರೆಯಿಂದ ಮಾಡಿ ತಂದ ಕೋಟೆಯ ಕಡೆಯ ಬುರುಜಿಗೆ ಅಂಟು ಹಚ್ಚುತ್ತಿದ್ದ. ಕೆಂಪು ಬಂಡೆ, ಬಂಡೆಯ ನಡುವಿನ ಸೀಳು, ಸೀಳಿನಲ್ಲಿ ಮೇಲೇರುವ ಮೆಟ್ಟಿಲು, ಎಲ್ಲ ಇತ್ತು. ಒಬ್ಬೊಬ್ಬರಾಗಿ ಎಲ್ಲರ ಕಣ್ಣು ಅವನ ಕಡೆ ತಿರುಗಿದವು. ಯಾರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವನು ನಾನು.

"ನೀನ ಆಗಿಬಿಡು ಮಾರಾಯಾ. ಆಟಾ ಶುರು ಆಗ್ಲಿ."

ಅವನು ತಲೆ ಎತ್ತಿ ನನ್ನೊಬ್ಬನನ್ನೇ ನೋಡಿದ. ಅಂಟಿನ ಮುಚ್ಚಳ ಹಾಕಿದ. "ಆತ್ರಿ," ಎಂದ.

ಅವನು ಬೇಡವೆನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು. ಹನ್ನೊಂದು ಜನ ಸುತ್ತ ಕೂತಿರುವಾಗ ಅವನೊಬ್ಬ ಬೇಡವೆನ್ನುವ ಹಾಗಿರಲಿಲ್ಲ. ಉಳಿದವರು ಬೇಡವೆಂದರೆ ಅದು ಊರ ಅಭಿಮಾನ. ಅವನು ಬೇಡವೆಂದರೆ ಅದಕ್ಕೆ ಬೇರೆ ಹೆಸರು ಹುಡುಕುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದೇ ಕೇಳಿದೆ. ಖಾಲಿ ಬಿದ್ದ ಕೋಟೆಯನ್ನು ಅಧ್ಯಕ್ಷರು ತಾವೇ ತೆಗೆದುಕೊಂಡರು. ಆ ಇಡೀ ಹಾಲಿನಲ್ಲಿ ಬಾದಾಮಿಯಲ್ಲಿ ಹುಟ್ಟಿದವನು ಒಬ್ಬನೇ ಇದ್ದ, ಅವನು ಬಾದಾಮಿಯ ಮೇಲೆ ದಂಡೆತ್ತಿ ಬರಬೇಕಾಯಿತು.

ಹೊರಡುವ ಮುಂಚೆ ಅಧ್ಯಕ್ಷರಿಗೆ ಇನ್ನೊಂದು ಹೊಳೆಯಿತು. ಪಲ್ಲವರ ಬಾವುಟದ ಮೇಲೆ ಎತ್ತು ಕಂಡಿತ್ತು.

"ಅಲ್ರಿ, ಬಸವಣ್ಣ ಅವರ ಕಡೆ ಯಾಕ? ಎತ್ತು ನಮಗ ಕೊಡ್ರಿ. ಆ ಹಂದಿ ಅವರಿಗೆ ಹೋಗ್ಲಿ."

ಬಸವ ಭಕ್ತರ ಸೈನ್ಯ ಹಂದಿಯ ಗುರಾಣಿ ಹಿಡಿದು ಎತ್ತಿನ ಮೇಲೆ ಬಾಣ ಬಿಡುವುದನ್ನು ಅವರಿಂದ ಸಹಿಸಲಾಗಲಿಲ್ಲ. ನಾನು ಹಲ್ಲು ಕಡಿದುಕೊಂಡು ಇತಿಹಾಸ ಹೇಳಲು ಹೊರಟೆ. ಅಷ್ಟರಲ್ಲಿ ಪೇಂಟರ, "ಅದು ಬಾದಾಮಿ ಗುರ್ತು ಸಾಹೇಬ್ರ. ಬದ್ಲಿ ಮಾಡಬ್ಯಾಡ್ರಿ," ಎಂದ. ಅವನ ದನಿಯಲ್ಲಿ ಏನಿತ್ತೋ, ಅಧ್ಯಕ್ಷರು ಸುಮ್ಮನಾದರು. ಗುರಾಣಿ ಉಳಿದವು.

ಮೂರನೆಯ ಭಾನುವಾರ ಮಲಪ್ರಭೆಯನ್ನು ದಾಟುವ ಕಾಳಗ. ಮೇಜಿನ ಮೇಲೆ ನೀಲಿ ಬಟ್ಟೆಯ ಹೊಳೆ, ದಂಡೆಯಲ್ಲಿ ಪಟ್ಟದಕಲ್ಲು, ಈಚೆಗೆ ಮುಂದೆ ಸ್ವಾಮಿಗಳಾಗುವವರು ಕಲಿಯುವ ಶಿವಯೋಗ ಮಂದಿರದ ಬಯಲು. ಮಂದಿರದ ಹೆಸರು ನಕಾಶೆಯಲ್ಲಿ ಗುರುತಿಗೆಂದು ಬರೆದದ್ದೇ ನನ್ನ ತಪ್ಪು. "ಅಲ್ಲಿ ಕತ್ತಿ ಹಿಡಕೊಂಡು ಅಡ್ಡಾಡೂದು ಚಲೋ ಅಲ್ಲ. ಅಲ್ಲಿ ಕಾಳಗ ಬ್ಯಾಡ," ಎಂದು ಅಧ್ಯಕ್ಷರ ಅಪ್ಪಣೆಯಾಯಿತು. ಚಾಲುಕ್ಯರ ಕಾಲದಲ್ಲಿ ಮಂದಿರ ಇರಲಿಲ್ಲ ಎಂದೆ. "ಜಾಗಾ ಇತ್ತಲ್ರಿ?" ಎಂದರು ವಕೀಲರು. ಜಾಗ ಇದ್ದದ್ದು ನಿಜವೇ. ಸರಿ, ಅಲ್ಲಿ ಯಾರೂ ಯಾರನ್ನೂ ಹೊಡೆಯುವಂತಿಲ್ಲ ಎಂದು ನಿಯಮ ಸೇರಿಸಿದೆ. ಮರುಕ್ಷಣವೇ ವಕೀಲರು ತಮ್ಮ ಸೈನಿಕರೆಲ್ಲರನ್ನೂ ಆ ಬಯಲಿಗೆ ತಂದು ಕೂರಿಸಿದರು, ಆಟ ಮುಗಿಯುವವರೆಗೆ ಹೊರಗೆ ಬರಲಿಲ್ಲ. ಪಲ್ಲವರು ಅವರ ಮೂಗಿನ ಮುಂದೆ ಹೊಳೆಗೆ ಇಳಿದಾಗ ಬೀಗರ ಮದುವೆ ನೋಡುವವರಂತೆ ನೋಡುತ್ತ ಕೂತರು.

ಉಳಿದ ಸೇನಾಪತಿಗಳು ಇದಕ್ಕಿಂತ ಮೇಲೆಂದಲ್ಲ. ಒಬ್ಬನ ಸಹಾಯಕ್ಕೆ ಇನ್ನೊಬ್ಬ ಹೋಗುವುದಿಲ್ಲ, ಹೋದರೆ ಗೆಲುವಿನ ಫೋಟೊದಲ್ಲಿ ಮುಂದೆ ನಿಲ್ಲುವವರು ಯಾರು ಎಂಬ ತಕರಾರು. ಅಧ್ಯಕ್ಷರ ದಾಳದಲ್ಲಿ ಒಂದೋ ಎರಡೋ ಬಿದ್ದರೆ ಮೇಜಿನ ಸಂದಿಗೆ ತಾಗಿತು ಎಂದು ಹತ್ತು ಬಾಯಿ ಒಟ್ಟಿಗೆ ಕೂಗುತ್ತಿದ್ದವು. ಅವರು ಆರು ಬೀಳುವ ತನಕ ಒಗೆಯುತ್ತಿದ್ದರು. ನಾನು ಅಂಪೈರು. ಕೊರಳಲ್ಲಿ ಸೀಟಿ, ಕೈಯಲ್ಲಿ ಟೇಪು, ಎಲ್ಲರಿಗಿಂತ ಎತ್ತರದ ಸ್ಟೂಲು. ಸೀಟಿ ಊದಿ ಊದಿ ದವಡೆ ನೋವಾಯಿತು, ಒಬ್ಬರೂ ಕೇಳಲಿಲ್ಲ.

ಪೇಂಟರ ಮಾತ್ರ ಇಪ್ಪತ್ತು ಪುಟವನ್ನೂ ಓದಿಕೊಂಡು ಬಂದಿದ್ದ. ಆ ಮೊದಲ ಕಾಳಗದಲ್ಲಿ ಹೊಳೆ ದಾಟಲಾಗದೆ ಸೋತ, ಸತ್ತವರನ್ನು ಎತ್ತಿ ಡಬ್ಬಿಗೆ ಹಾಕಿದ. ನಾಲ್ಕನೆಯ ಭಾನುವಾರ ಪಟ್ಟದಕಲ್ಲಿನ ಹತ್ತಿರ ಹೊಳೆ ದಾಟಿದ. ಆ ಹೊತ್ತಿಗೆ ಅವನಿಗೊಂದು ಹೆಸರು ಬಿದ್ದಿತ್ತು. ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, "ಬಂದ್ನಪಾ ವೈರಿ!" ಎನ್ನುವರು. ಚಹಾ ಬಂದಾಗ, "ವೈರಿಗೂ ಒಂದು ಕಪ್ಪು ಕೊಡ್ರಿ, ಪಾಪ," ಎನ್ನುವರು. ಅವನು ನಕ್ಕು ಕಪ್ಪು ತೆಗೆದುಕೊಳ್ಳುವನು. ನಾನೂ ನಗುತ್ತಿದ್ದೆ. ನನ್ನ ನಗೆ ಉಳಿದವರಿಗಿಂತ ತುಸು ತಡವಾಗಿ ಬರುತ್ತಿತ್ತು ಎಂದು ಈಗ ಹೇಳಿಕೊಂಡು ಪ್ರಯೋಜನವಿಲ್ಲ.

ಐದನೆಯ ಭಾನುವಾರ ಕೋಟೆಯ ಮುತ್ತಿಗೆ. ಅಧ್ಯಕ್ಷರು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಇದ್ದಬದ್ದ ಸೈನಿಕರನ್ನೆಲ್ಲ ದೊಡ್ಡ ಬಾಗಿಲ ಮುಂದೆ ಸಾಲಾಗಿ ನಿಲ್ಲಿಸಿದರು, ಏಕೆಂದರೆ ಮೊಬೈಲು ಹಿಡಿದವನು ಆ ಕಡೆ ನಿಂತಿದ್ದ. ಉತ್ತರದ ಬಂಡೆಯ ಸೀಳಿನಲ್ಲಿ ಒಬ್ಬ ಕಾವಲುಗಾರನೂ ಇರಲಿಲ್ಲ.

ಪೇಂಟರ ತನ್ನ ಸೈನಿಕರ ಮೇಲೆ ಕೈ ಇಡಲಿಲ್ಲ. ಬಗ್ಗಿ ಕೋಟೆಯನ್ನು ನೋಡಿದ. ಆಮೇಲೆ ಅಧ್ಯಕ್ಷರಿಗೆ, "ಸಾಹೇಬ್ರ, ಉತ್ತರದ ಸೀಳಿನ್ಯಾಗ ಯಾರೂ ಇಲ್ರಿ. ಹತ್ತು ಮಂದಿ ಸಾಕು. ಅಲ್ಲಿ ನಿಂತ್ರ ಸಾವಿರ ಮಂದೀನ ತಡೀಬಹುದು," ಎಂದ.

"ವೈರಿ ಮಾತು ಕೇಳಿ ಕೋಟಿ ಕಾಯೂಣೇನ್ರಿ?" ಎಂದು ಅಧ್ಯಕ್ಷರು ಎಲ್ಲರ ಕಡೆ ತಿರುಗಿದರು. ನಗೆ ಎದ್ದಿತು.

"ಇನ್ನೊಮ್ಮೆ ನೋಡ್ರಿ," ಎಂದ. ಆ ಮಾತು ಬೇಡಿಕೊಂಡಂತೆ ಇತ್ತು. ಗೆಲುವು ಕಣ್ಣ ಮುಂದಿರುವವನು ಹೀಗೆ ಬೇಡಿಕೊಳ್ಳುವುದನ್ನು ನಾನು ಯಾವ ಆಟದಲ್ಲೂ ಕಂಡಿಲ್ಲ. ಅಧ್ಯಕ್ಷರು ನೋಡಲಿಲ್ಲ. ಅವನು ನನ್ನ ಕಡೆ ನೋಡಿದ. ಆಟ ನಿಲ್ಲಿಸಬಹುದಿತ್ತು, ಪಕ್ಷ ಬದಲಿಸಿ ಎನ್ನಬಹುದಿತ್ತು. ನಾನು ಸೀಟಿ ಊದಿ, "ಆಡು," ಎಂದೆ.

ಅವನು ಆಡಿದ. ಇಪ್ಪತ್ತು ಜನರನ್ನು ಸೀಳಿನ ಮೆಟ್ಟಿಲಲ್ಲಿ ಒಬ್ಬೊಬ್ಬರಾಗಿ ಏರಿಸಿದ. ಪ್ರತಿಯೊಬ್ಬನನ್ನು ಇಡುವಾಗಲೂ ಅವನ ಬೆರಳು ಬಂಡೆಯನ್ನು ಸವರಿಕೊಂಡು ಹೋಗುತ್ತಿತ್ತು. ಅರ್ಧ ತಾಸಿನಲ್ಲಿ ಒಳಗಿನಿಂದ ಬಾಗಿಲು ತೆರೆಯಿತು. ವರಾಹದ ಗುರಾಣಿಗಳು ಸಾಲುಸಾಲಾಗಿ ಅಂಗಾತ ಬಿದ್ದವು. ಅಧ್ಯಕ್ಷರ ಕೊನೆಯ ದಾಳವನ್ನು ಯಾರೂ ಮತ್ತೆ ಒಗೆಸಲಿಲ್ಲ, ಒಗೆಸಿದರೂ ಉಪಯೋಗವಿರಲಿಲ್ಲ.

ಅಧ್ಯಕ್ಷರು ರುಮಾಲಿನಿಂದ ಮುಖ ಒರೆಸಿಕೊಂಡರು. ನಕ್ಕರು. "ಇರ್ಲಿ ಬಿಡ್ರಿ. ನಿಮ್ಮವರಿಗೆ ಕೋಟಿ ಕೆಡವೂದು ಹೊಸಾದೇನಲ್ಲ," ಎಂದರು.

ಹತ್ತೂ ಜನ ನಕ್ಕರು. ತಿಂದ ಭಜಿಯ ಋಣ ತೀರಿಸುವವರಂತೆ ನಕ್ಕರು. ಸೀಟಿ ನನ್ನ ಕೊರಳಲ್ಲೇ ಇತ್ತು. ನಾನು ಟೇಪು ಸುತ್ತತೊಡಗಿದೆ. ಸುತ್ತಿದ ಟೇಪನ್ನು ಬಿಚ್ಚಿ ಮತ್ತೆ ಸುತ್ತಿದೆ.

ವಹಿಯಲ್ಲಿ ಫಲಿತಾಂಶ ಬರೆಯಲು ಕೂತಾಗ ಪೇಂಟರ ಹತ್ತಿರ ಬಂದ. "ಗೆದ್ದಾವ ಅಂತ ನನ್ನ ಹೆಸರು ಬರೀಬ್ಯಾಡ್ರಿ. ಬಾದಾಮಿ ಬಿತ್ತು ಅಂತ ಬರೀರಿ, ಸಾಕು," ಎಂದ. ಹಾಗೇ ಬರೆದೆ.

ಸ್ಕೂಟರಿನಲ್ಲಿ ಅವನನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಮಧ್ಯಾಹ್ನದ ಬಿಸಿಲು. ಬಾದಾಮಿ ಬಸ್ಸು ಇನ್ನೂ ಬಂದಿರಲಿಲ್ಲ. ನೆರಳಲ್ಲಿ ನಿಂತೆವು.

"ಅಧ್ಯಕ್ಷರ ಮಾತು ಮನಸಿಗೆ ಹಚ್ಕೋಬ್ಯಾಡ," ಎಂದೆ. "ಅವರ ಬಾಯಿ ಹಂಗ."

"ಅವರ ಬಾಯಿ ಗೊತ್ತೈತ್ರಿ."

"ಮುಂದಿನ ಸಲ ಕೋಟಿ ನಿಂದ. ಖರೇನ ಹೇಳ್ತೇನಿ."

"ಮುಂದಿನ ಸಲ ಪಲ್ಲವ ಯಾರ ಆಗ್ತಾರ್ರಿ?"

"ನಾ ಆಗ್ತೇನಿ!" ಎಂದೆ ಥಟ್ಟನೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಎಂಥ ದೊಡ್ಡ ಮನಸ್ಸು ನನ್ನದು ಎಂದು ನನಗೇ ಒಂದು ಗಳಿಗೆ ಖುಷಿಯಾಯಿತು.

ಅವನು ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡ. ಸಿಟ್ಟಿರಲಿಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳುವವನಂತೆ ಕೇಳಿದ.

"ಆಗಾಕ ಬರ್ತಿತ್ತಲ್ರಿ. ಈ ಸಲ ಯಾಕ ಆಗ್ಲಿಲ್ಲ?"

ಅಂಪೈರು ಆಡುವಂತಿಲ್ಲ ಎನ್ನಬಹುದಿತ್ತು. ಆ ನಿಯಮ ಬರೆದವನೂ ನಾನೇ. ಊರ ಮಂದಿಯನ್ನೆಲ್ಲ ಹೇಡಿಗಳೆಂದು ಬೈದು ಮೂರು ಸಲ ಚೀಟಿ ಎತ್ತಿಸಿದವನು ನಾನು, ಒಂದು ಸಲವೂ ಡಬ್ಬಿಗೆ ಕೈ ಹಾಕಿರಲಿಲ್ಲ. ಹಾಕಬೇಕೆಂದು ಹೊಳೆದೂ ಇರಲಿಲ್ಲ. ಪಲ್ಲವನಾಗುವುದು ನನಗೂ ಬೇಕಿರಲಿಲ್ಲ.

ಅವನು ಉತ್ತರಕ್ಕೆ ಕಾದ. ಬಸ್ಸು ಬರುವ ತನಕ ಕಾದ.